ನಾಲ್ಕು ಕ್ವಿಂಟಲ್ ಯಂತ್ರ, ಎರಡು ಮೀಟರ್ ಎತ್ತರ: ಹೊಡೆತ ತಿಂದ ಒಂದು ಬೀಮ್‌ನ ಪ್ರಕರಣ

ಕಟ್ಟಡ ಮತ್ತು ಘಟನೆ

ಇದು ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿರುವ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ ನಡೆದದ್ದು. ಮಾಲೀಕರು, ಊರು, ನನಗಿಂತ ಮೊದಲು ಬಂದುಹೋದ ಇಬ್ಬರು ಎಂಜಿನಿಯರುಗಳು, ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೀಮ್‌ನ ಅಳತೆ, ಬಿರುಕುಗಳ ಜಾಗ, ಪರೀಕ್ಷೆಯ ಅಂಕಿಗಳು ಇದ್ದ ಹಾಗೆಯೇ ಇವೆ. ಓದುವವರಿಗೆ ಉಪಯೋಗಕ್ಕೆ ಬರುವುದು ಅವೇ.

ಕಟ್ಟಡ 1990ರ ದಶಕದ ಕೊನೆಯದು. ಕೆಳಗೆ ಮೂಟೆಗಳ ಗೋದಾಮು, ಮೇಲೆ ಸಿಪ್ಪೆ ಬಿಡಿಸುವ ಹಲ್ಲರ್ ಮತ್ತು ಬೀಜ ವಿಂಗಡಿಸುವ ಗ್ರೇಡರ್ ಯಂತ್ರಗಳು, ಅದರ ಮೇಲೆ ಉಕ್ಕಿನ ಟ್ರಸ್ ಮೇಲೆ ಶೀಟು. ಮೊದಲ ಮಹಡಿಯ ಸ್ಲ್ಯಾಬ್ 125 ಮಿ.ಮೀ. ದಪ್ಪ. ಅದನ್ನು ಹೊತ್ತಿರುವ ಬೀಮ್‌ಗಳು 230 ಮಿ.ಮೀ. ಅಗಲ, ಸ್ಲ್ಯಾಬ್ ಸೇರಿ 450 ಮಿ.ಮೀ. ಆಳ, ಎರಡೂವರೆ ಮೀಟರಿಗೊಂದು. ಕಂಬದಿಂದ ಕಂಬಕ್ಕೆ 5 ಮೀಟರ್. ಹೀಗೆ ಮೂರು ಅಂಕಣಗಳ ಉದ್ದಕ್ಕೂ ಬೀಮ್ ಮುಂದುವರಿಯುತ್ತದೆ. ಕಾಂಕ್ರೀಟು ಆ ಕಾಲದ ಪದ್ಧತಿಯಂತೆ ಸ್ಥಳದಲ್ಲೇ ಡಬ್ಬದ ಅಳತೆಯಲ್ಲಿ ಕಲಸಿದ ಒಂದು-ಎರಡು-ನಾಲ್ಕು (ಸಿಮೆಂಟ್, ಮರಳು, ಜಲ್ಲಿ). ಆಗ ಜಾರಿಯಲ್ಲಿದ್ದ ಐಎಸ್ 456, ಅಂದರೆ ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ, ಎಂ15 ದರ್ಜೆಯನ್ನು ಒಪ್ಪುತ್ತಿತ್ತು (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ). 2000ದ ಪರಿಷ್ಕರಣೆಯಲ್ಲಿ ಆರ್‌ಸಿಸಿಗೆ ಕನಿಷ್ಠ ಎಂ20 ಬೇಕೆಂದಾಯಿತು. ಆದ್ದರಿಂದ ಕಟ್ಟಿದವರು ಮೋಸ ಮಾಡಿದರು ಎಂದು ಹೇಳುವಂತಿಲ್ಲ.

ಡಿಸೆಂಬರ್ ತಿಂಗಳು. ಅರೇಬಿಕಾ ಕೊಯ್ಲು ಜೋರಾಗಿ ನಡೆದಿತ್ತು, ಅಂಗಳದಲ್ಲಿ ಒಣಗಿದ ಪಾರ್ಚ್‌ಮೆಂಟ್ (ಒಳಸಿಪ್ಪೆ ಬಿಡಿಸದ ಕಾಫಿ ಬೀಜ) ಬಂದು ಬೀಳುತ್ತಿತ್ತು. ಹಳೆಯ ಹಲ್ಲರನ್ನು ರಿಪೇರಿ ಮಾಡಿಸಿ ತಂದವರು ಚೈನ್ ಬ್ಲಾಕ್‌ನಲ್ಲಿ (ಭಾರ ಎತ್ತುವ ಸರಪಳಿ ರಾಟೆ) ಎತ್ತಿ ಮಹಡಿಯ ಮೇಲೆ ಕೂರಿಸುತ್ತಿದ್ದರು. ಎತ್ತುತ್ತಿದ್ದ ಭಾಗದ ತೂಕ 400 ಕಿಲೋ. ಮಹಡಿಯ ನೆಲದಿಂದ ಎರಡು ಮೀಟರ್ ಎತ್ತರದಲ್ಲಿದ್ದಾಗ ತಂತಿ ಹಗ್ಗದ ಕ್ಲಾಂಪ್ ಜಾರಿ ಯಂತ್ರ ಕೆಳಗೆ ಬಿದ್ದಿತು. ಎರಕದ ಪಾದದ ಒಂದು ಮೂಲೆ ನೇರವಾಗಿ ನಡು ಅಂಕಣದ ಬೀಮ್‌ನ ಮಧ್ಯದ ಮೇಲೇ ಬಡಿಯಿತು. ಪಾದ ಸೀಳಿತು, ಸಿಮೆಂಟ್ ನೆಲದಲ್ಲಿ ಅಂಗೈಯಗಲದ ಕುಳಿ ಬಿತ್ತು. ಕೆಳಗಿನ ಗೋದಾಮಿನಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಬೀಮ್‌ನ ಅಡಿಯಿಂದ ಕಾಂಕ್ರೀಟಿನ ದೊಡ್ಡ ಹೋಳು ಉದುರಿ ಮೂಟೆಗಳ ಮೇಲೆ ಬಿದ್ದದ್ದು ಆಮೇಲೆ ತಿಳಿಯಿತು.

ಮಾರನೆಯ ದಿನವೇ ಗಾರೆ ಮೇಸ್ತ್ರಿ ಬಂದು ಉದುರಿದ ಜಾಗಕ್ಕೆ ಗಾರೆ ತುಂಬಿ, ಸುತ್ತಲಿನ ಬಿರುಕುಗಳ ಮೇಲೂ ಎಳೆದು, ಸುಣ್ಣ ಬಳಿದು ಹೋದ. ಸೀಸನ್ ಸಮಯ, ಕೆಲಸ ನಿಲ್ಲಬಾರದು ಎಂಬುದು ಸೂಪರ್‌ವೈಸರ್ ಲೆಕ್ಕ.

ಎರಡು ಲೆಕ್ಕ, ಎರಡೂ ಕೆಲಸಕ್ಕೆ ಬಾರದವು

ಮೊದಲು ಬಂದ ಎಂಜಿನಿಯರು ಮಾಲೀಕರಿಗೆ ಧೈರ್ಯ ಹೇಳಿದರು. ಯಂತ್ರದ ತೂಕ ನಾಲ್ಕು ಕಿಲೋನ್ಯೂಟನ್ನಿಗಿಂತ ಕಡಿಮೆ, ಆ ಬೀಮ್ ಅದರ ಹತ್ತಾರು ಪಟ್ಟು ಹೊತ್ತೀತು. ರಿಬೌಂಡ್ ಹ್ಯಾಮರ್ ತಂದು ಬೀಮ್‌ನ ಮೈಗೆ ಅಲ್ಲಲ್ಲಿ ಒತ್ತಿ ನೋಡಿದರು. ಅಂಕಿ ಚೆನ್ನಾಗಿಯೇ ಬಂದಿತು. ಬರದೆ ಏನು? ಆ ಸುತ್ತಿಗೆ ಓದುವುದು ಮೇಲ್ಮೈಯ ಗಡಸುತನವನ್ನು. ಇಪ್ಪತ್ತೈದು ವರ್ಷ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದ ಕಾಂಕ್ರೀಟಿನ ಮೈ ಒಳಗಿಗಿಂತ ಗಟ್ಟಿಯಾಗಿರುತ್ತದೆ. ಒಳಗಿನ ಬಿರುಕು ಅದಕ್ಕೆ ಕಾಣುವುದೇ ಇಲ್ಲ.

ಮಾಲೀಕರಿಗೆ ಈ ಮಾತು ಹಿಡಿಸಿತ್ತು. ಆಮೇಲೆ ನನ್ನ ಮುಂದೆಯೂ ಅದನ್ನೇ ಹೇಳಿದರು: “ನಾಲ್ಕು ಕ್ವಿಂಟಲಿಗೆ ಬೀಮ್ ಹೋಗುತ್ತದೆಯೇ ಸಾರ್? ಇದೇ ಜಾಗದಲ್ಲಿ ನೂರು ಮೂಟೆ ಒಟ್ಟಿದ್ದೇವೆ.”

ಎರಡನೆಯವರು ಪುಸ್ತಕ ಬಲ್ಲವರು. ಬೀಳುವ ಭಾರಕ್ಕೆ ಪಠ್ಯಪುಸ್ತಕದಲ್ಲಿ ಒಂದು ಸೂತ್ರವಿದೆ: ಅದೇ ಭಾರವನ್ನು ಮೆಲ್ಲಗೆ ಇಟ್ಟರೆ ಬೀಮ್ ಎಷ್ಟು ಬಾಗುತ್ತದೆ ಎಂದು ಕಂಡುಕೊಂಡು, ಬಿದ್ದ ಎತ್ತರದ ಎರಡರಷ್ಟನ್ನು ಆ ಬಾಗಿನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು, ಮತ್ತೆ ಒಂದು ಕೂಡಿಸಬೇಕು. ಬಂದದ್ದು ಹೊಡೆತದ ಗುಣಕ. ಈ ಬೀಮ್‌ಗೆ ಮೆಲ್ಲಗೆ ಇಟ್ಟ ಭಾರದ ಬಾಗು ಸುಮಾರು 0.3 ಮಿ.ಮೀ.; ಗುಣಕ 115ರ ಹತ್ತಿರ. ಅಂದರೆ ಬೀಮ್ ಮೇಲೆ 46 ಟನ್ ಕೂತ ಹಾಗೆ. ಅಷ್ಟಾಗಿದ್ದರೆ ಬೀಮ್ ಉಳಿಯುವ ಮಾತೇ ಇಲ್ಲ. ಅವರ ಶಿಫಾರಸು: ಆ ಅಂಕಣವನ್ನು ಪೂರ್ತಿ ಒಡೆದು ಹೊಸದಾಗಿ ಕಟ್ಟಬೇಕು.

ಒಬ್ಬರು ನಾಲ್ಕು ಕ್ವಿಂಟಲ್ ಎನ್ನುತ್ತಾರೆ, ಇನ್ನೊಬ್ಬರು 46 ಟನ್. ಮೂರನೆಯವರನ್ನು ಕರೆಯಲು ಕಾರಣ ಇದೇ.

ಎರಡನೆಯವರ ಸೂತ್ರದಲ್ಲಿ ತಪ್ಪಿಲ್ಲ, ಆದರೆ ಅದರ ಷರತ್ತುಗಳನ್ನು ಅವರು ಓದಿರಲಿಲ್ಲ. ಅದು ಬೀಮ್‌ಗೆ ತೂಕವೇ ಇಲ್ಲ, ಬಿದ್ದ ಶಕ್ತಿಯೆಲ್ಲ ಒಂದು ಚೂರೂ ಪೋಲಾಗದೆ ಬೀಮ್‌ನ ಬಾಗುವಿಕೆಗೆ ಹೋಗುತ್ತದೆ, ಬೀಮ್ ಸ್ಪ್ರಿಂಗಿನಂತೆ ಒಡೆಯದೆ ಇರುತ್ತದೆ ಎಂದು ಹಿಡಿಯುತ್ತದೆ. ನಿಜದಲ್ಲಿ ಬೀಮ್ ಮತ್ತು ಅದರ ಪಾಲಿನ ಸ್ಲ್ಯಾಬ್ ಸೇರಿ ಐದು ಟನ್ನಿನ ಹತ್ತಿರ ಬರುತ್ತದೆ. ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 2.4 ಟನ್, ನಡುವಿನ ಚಲನೆಯಲ್ಲಿ ಪಾಲುಗೊಳ್ಳುತ್ತದೆ ಎಂದು ಹಿಡಿಯಬಹುದು. ಯಂತ್ರ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 6.3 ಮೀಟರ್, ಶಕ್ತಿ ಸುಮಾರು 7.8 ಕಿಲೋಜೂಲ್. ಎರಡೂ ಅಂಟಿಕೊಂಡು ಕೆಳಗೆ ಸಾಗಿದವು ಎಂದು ಸಂವೇಗದ ಲೆಕ್ಕ ಹಾಕಿದರೆ, ಬಾಗುವಿಕೆಗೆ ಉಳಿಯುವುದು ಒಂದು ಕಿಲೋಜೂಲಿಗಿಂತ ಸ್ವಲ್ಪವೇ ಹೆಚ್ಚು. ಉಳಿದದ್ದೆಲ್ಲ ಬಡಿದ ಜಾಗದಲ್ಲೇ ಕರಗಿತು: ನೆಲದ ಕುಳಿ, ಸೀಳಿದ ಎರಕ, ಪುಡಿಯಾದ ಕಾಂಕ್ರೀಟು.

ಹಾಗೆಂದು ಬೀಮ್ ಪಾರಾಯಿತು ಎಂದಲ್ಲ. ಪೆಟ್ಟು ಬಾಗುವಿಕೆಯಲ್ಲಿ ಕಾಣಿಸಿಕೊಳ್ಳದಿದ್ದರೆ ಬೇರೆಲ್ಲೋ ಕಾಣಿಸಿಕೊಳ್ಳಲೇಬೇಕು. ಎಲ್ಲಿ ಎಂಬುದೇ ಈ ಪ್ರಕರಣದ ಪ್ರಶ್ನೆ.

ಮೊದಲು ಆಸರೆ

ನಾನು ಹೋದಾಗ ಕಂಟ್ರಾಕ್ಟರ್ ಬೀಮ್‌ನ ನಟ್ಟನಡುವೆ ಒಂದೇ ಒಂದು ಉಕ್ಕಿನ ಜಾಕಿ ನಿಲ್ಲಿಸಿ, ಸ್ಕ್ರೂ ತಿರುಗಿಸಿ ಬಿಗಿಯಾಗಿ ಮೇಲಕ್ಕೆ ಒತ್ತಿಸಿದ್ದ. ನೋಡಿದವರಿಗೆ ಸಮಾಧಾನವಾಗುವ ವ್ಯವಸ್ಥೆ. ಆದರೆ ಬೀಮ್‌ನ ನಡುವೆ ಮೇಲ್ಭಾಗದಲ್ಲಿ ಇದ್ದದ್ದು 10 ಮಿ.ಮೀ.ಯ ಎರಡು ಕಂಬಿ ಮಾತ್ರ, ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳನ್ನು ಕಟ್ಟಲು ಬೇಕಾದಷ್ಟು. ನಡುವನ್ನು ಕೆಳಗಿನಿಂದ ಎತ್ತಿ ಹಿಡಿದರೆ ಅಲ್ಲಿ ಬೀಮ್‌ನ ಮೇಲ್ಮೈ ಎಳೆತಕ್ಕೆ ಒಳಗಾಗುತ್ತದೆ, ಅದನ್ನು ತಡೆಯುವ ಕಂಬಿ ಇಲ್ಲ. ಅದೂ ಅಲ್ಲದೆ ಜಾಕಿ ನಿಂತದ್ದು ಒಡೆದಿರಬಹುದಾದ ತುಂಡಿನ ಅಡಿಗೆ ಸರಿಯಾಗಿ.

ಮೊದಲ ನಿರ್ಧಾರ ಅದನ್ನು ಬದಲಿಸುವುದಾಗಿತ್ತು. ನಡುವಿನಿಂದ ಎರಡೂ ಬದಿಗೆ ಒಂದು ಮೀಟರಿನಷ್ಟು ಆಚೆ ಜೋಡಿ ಜಾಕಿಗಳು, ಅಡಿಯಲ್ಲಿ ಭಾರ ಹರಡಲು ದಪ್ಪ ಹಲಗೆ, ಮೇಲೆ ಕೈಯಲ್ಲಿ ತಿರುಗಿಸುವಷ್ಟೇ ಬಿಗಿ. ಅವು ನಿಂತ ಮೇಲೆ ನಡುವಿನದನ್ನು ನಿಧಾನವಾಗಿ ಸಡಿಲಿಸಿದೆವು. ಆ ಅಂಕಣದ ಮೇಲಿನ ಮೂಟೆಗಳನ್ನು ತೆಗೆಸಿದ್ದಾಯಿತು. ಗ್ರೇಡರ್ ಅದರ ಮೇಲೇ ಇತ್ತು. ಅದರ ಅದುರು ಬೀಮ್‌ಗೆ ತಾಕದಂತೆ ಅದನ್ನು ತಾತ್ಕಾಲಿಕವಾಗಿ ಕೆಳಗಿಳಿಸಲು ಹೇಳಿದಾಗ ಮಾಲೀಕರ ಮುಖ ಗಂಟಿಕ್ಕಿತು. ಜನವರಿಯಿಂದ ರೋಬಸ್ಟಾ ಶುರುವಾಗುತ್ತದೆ, ತೋಟದವರಿಗೆ ಮಾತು ಕೊಟ್ಟಾಗಿದೆ. ಕೊನೆಗೆ ಉಳಿದ ಎರಡು ಅಂಕಣಗಳಲ್ಲಿ ಕೆಲಸ ಮುಂದುವರಿಸಲು ಒಪ್ಪಂದವಾಯಿತು. ದುರಸ್ತಿ ಪ್ರಕರಣಗಳಲ್ಲಿ ಇಂಥ ಮಾತುಕತೆಗೆ ಹೋಗುವ ಸಮಯ ಲೆಕ್ಕಕ್ಕೆ ಹೋಗುವುದಕ್ಕಿಂತ ಹೆಚ್ಚು. ಯಾವ ಪಠ್ಯದಲ್ಲೂ ಅದರ ಸುದ್ದಿ ಇಲ್ಲ.

ಫೋಟೊದಲ್ಲಿದ್ದ ಬಿರುಕು

ಮೇಸ್ತ್ರಿಯ ಗಾರೆ ಎಲ್ಲವನ್ನೂ ಮುಚ್ಚಿತ್ತು. ಅದನ್ನು ಕೆತ್ತಿಸುವ ಮೊದಲು, ಬಿದ್ದ ದಿನ ಯಾರಾದರೂ ಫೋಟೊ ತೆಗೆದಿದ್ದಾರೆಯೇ ಎಂದು ವಿಚಾರಿಸಿದೆ. ಗೋದಾಮಿನ ರೈಟರ್, ಮೂಟೆಗಳು ಹಾಳಾದದ್ದಕ್ಕೆ ತನ್ನ ಮೇಲೆ ಮಾತು ಬರಬಾರದೆಂದು, ಮೊಬೈಲ್‌ನಲ್ಲಿ ಫೋಟೊ ತೆಗೆದು ಇಟ್ಟುಕೊಂಡಿದ್ದರು. ಮೂಟೆಗಳ ಹಿಂದೆ, ಫೋಟೊದ ಮೇಲ್ಮೂಲೆಯಲ್ಲಿ, ಬೀಮ್ ಕಾಣುತ್ತಿತ್ತು.

ಅದರಲ್ಲಿ ಎರಡು ಓರೆ ಬಿರುಕುಗಳು. ಬಡಿದ ಜಾಗದ ಅಡಿಯಿಂದ ಹೊರಟು ಎಡಕ್ಕೊಂದು ಬಲಕ್ಕೊಂದು, ಸುಮಾರು 45 ಡಿಗ್ರಿ ಓರೆಯಲ್ಲಿ ಇಳಿದು, ನಡುವಿನಿಂದ ಒಂದೊಂದೂ 400 ಮಿ.ಮೀ. ಆಚೆ ಬೀಮ್‌ನ ತಳ ಮುಟ್ಟಿದ್ದವು. ಎರಡು ಬಿರುಕುಗಳ ನಡುವಿನ ತುಂಡು ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಬೆಣೆಯ ಆಕಾರದಲ್ಲಿತ್ತು. ಅದರ ತಳದ ಕವರ್ ಕಾಂಕ್ರೀಟು ಉದುರಿ ಕಂಬಿ ಹೊರಗೆ ಕಾಣುತ್ತಿತ್ತು.

ಮೆಲ್ಲಗೆ ಭಾರ ಹೇರಿದ್ದರೆ ಈ ಬೀಮ್ ಹೀಗೆ ಬಿರಿಯುವುದಿಲ್ಲ. ತಳದಲ್ಲಿ 16 ಮಿ.ಮೀ.ಯ ಮೂರು ಕಂಬಿಗಳಿವೆ. ನಡುವೆ ಭಾರ ಹೆಚ್ಚಿಸುತ್ತ ಹೋದರೆ ಮೊದಲು ತಳದಲ್ಲಿ ನೇರ ಬಿರುಕುಗಳು ಬಂದು, ಕಂಬಿ ಹಿಗ್ಗಿ, ಬೀಮ್ ಬಾಗುತ್ತ ಸೋಲುತ್ತದೆ. ಓರೆ ಬಿರುಕು ಬರುವುದು ಶಿಯರ್ (ಅಕ್ಕಪಕ್ಕದ ಭಾಗಗಳನ್ನು ಒಂದರ ಪಕ್ಕ ಒಂದು ಜಾರಿಸಿ ಕತ್ತರಿಸಲು ನೋಡುವ ಬಲ) ಹೆಚ್ಚಿರುವ ಕಂಬದ ಬಳಿ. ಇಲ್ಲಿ ಅದು ಬಂದದ್ದು ಮಾಮೂಲಿ ಲೆಕ್ಕದಲ್ಲಿ ಶಿಯರ್ ಸೊನ್ನೆಯ ಹತ್ತಿರ ಇರುವ ನಡುಭಾಗದಲ್ಲಿ.

ಕಾರಣ ಮೊದಲ ಒಂದೆರಡು ಮಿಲಿಸೆಕೆಂಡುಗಳಲ್ಲಿದೆ. ಕೊಡಲಿಯನ್ನು ಕೊರಡಿನ ಮೇಲೆ ಇಟ್ಟು ಒತ್ತಿದರೆ ಏನೂ ಆಗುವುದಿಲ್ಲ, ಬೀಸಿದರೆ ಕೊರಡು ಅಲ್ಲಾಡುವ ಮೊದಲೇ ಏಟು ಬಿದ್ದಲ್ಲಿ ಸೀಳುತ್ತದೆ. ಬೀಮ್‌ಗೂ ಹಾಗೆಯೇ. ಹೊಡೆತದ ಪರಿಣಾಮ ಕಾಂಕ್ರೀಟಿನೊಳಗೆ ಅಲೆಯಾಗಿ ಸಾಗಬೇಕು. ಶಿಯರ್ ಅಲೆಯ ವೇಗ ಸೆಕೆಂಡಿಗೆ ಎರಡು ಸಾವಿರ ಮೀಟರಿನ ಆಸುಪಾಸು. ಎರಡೂವರೆ ಮೀಟರ್ ದೂರದ ಕಂಬಕ್ಕೆ ಅದು ತಲುಪಲು ಒಂದು ಮಿಲಿಸೆಕೆಂಡಿಗಿಂತ ಹೆಚ್ಚೇ ಬೇಕು, ಬೀಮ್ ಪೂರ್ತಿಯಾಗಿ ಬಾಗಲು ಹತ್ತಾರು ಮಿಲಿಸೆಕೆಂಡು. ಆದರೆ ಗಟ್ಟಿ ಲೋಹ ಗಟ್ಟಿ ನೆಲಕ್ಕೆ ಬಡಿದಾಗ ಬಲ ತನ್ನ ಶಿಖರ ಮುಟ್ಟಿ ಇಳಿಯುವುದು ಅಷ್ಟರೊಳಗೆ. ಆ ಹೊತ್ತಿನಲ್ಲಿ ಕಂಬಗಳು ಈ ಜಗಳದಲ್ಲಿ ಇಲ್ಲವೇ ಇಲ್ಲ. ಹೊಡೆತವನ್ನು ಎದುರಿಸುವುದು ಬಡಿದ ಜಾಗದ ಅಕ್ಕಪಕ್ಕದ ಕಾಂಕ್ರೀಟಿನ ಜಡತ್ವ. ನಡುವಿನ ತುಂಡು ಕೆಳಗೆ ಓಡಲು ನೋಡುತ್ತದೆ, ಪಕ್ಕದ್ದು ನಿಂತಲ್ಲೇ ನಿಲ್ಲುತ್ತದೆ. ಎರಡರ ನಡುವೆ ಓರೆಯಾಗಿ ಸೀಳು ಬೀಳುತ್ತದೆ.

ಇದು ನನ್ನ ಊಹೆಯಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಾತ್ಜಿ ಮತ್ತು ವೆಕಿಯೊ ಎಂಬವರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 211 ಮತ್ತು 600 ಕಿಲೋ ತೂಕಗಳನ್ನು ಆರ್‌ಸಿಸಿ ಬೀಮ್‌ಗಳ ನಡುವಿಗೆ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಬೀಳಿಸಿ ನೋಡಿದರು. ಕೆಲವು ಬೀಮ್‌ಗಳಲ್ಲಿ ರಿಂಗು ಹೇರಳವಾಗಿತ್ತು, ಕೆಲವಲ್ಲಿ ಇರಲೇ ಇಲ್ಲ. ಎಲ್ಲದರಲ್ಲೂ ತೀವ್ರವಾದ ಓರೆ ಬಿರುಕುಗಳು ಬಂದವು. ಮೆಲ್ಲಗೆ ಹೇರಿದರೆ ಬಾಗಿಯೇ ಸೋಲುವಂಥವುಗಳಲ್ಲೂ ಬಂದವು. ವ್ಯತ್ಯಾಸ ಇದ್ದದ್ದು ಆಮೇಲೆ: ರಿಂಗು ಇದ್ದವು ಬೆಣೆಯನ್ನು ಹಿಡಿದುಕೊಂಡವು.

ಹಾಗಾಗಿ ಗಾರೆ ಕೆತ್ತಿಸಿ ಹುಡುಕಿದ್ದು ರಿಂಗುಗಳನ್ನು. 6 ಮಿ.ಮೀ.ಯ ಮೈಲ್ಡ್ ಸ್ಟೀಲ್, ಬೀಮ್‌ನ ಎರಡೂ ಬದಿಗೆ ಒಂದೊಂದು ಕಾಲಿನವು. ಕಂಬದ ಬಳಿ 150 ಮಿ.ಮೀ.ಗೊಂದು, ನಡುವೆ 250ಕ್ಕೊಂದು. ಕಂಬಿ ಕಟ್ಟುವವರು ಇಂದಿಗೂ ನಡುವೆ ಬಿಡಿಬಿಡಿಯಾಗಿ ಕಟ್ಟುತ್ತಾರೆ, ಮಾಮೂಲಿ ಭಾರಕ್ಕೆ ಅದು ಒಪ್ಪತಕ್ಕದ್ದೇ. ಆದರೆ ಐಎಸ್ 456 ಹೇಳುವ ಕನಿಷ್ಠ ರಿಂಗಿನ ಲೆಕ್ಕ ಹಾಕಿದರೆ, 230 ಅಗಲದ ಬೀಮ್‌ಗೆ ಈ ರಿಂಗು 133 ಮಿ.ಮೀ.ಗೊಂದು ಬೇಕಿತ್ತು. ಒಂದೊಂದು ಓರೆ ಬಿರುಕನ್ನು ದಾಟುತ್ತಿದ್ದದ್ದು ಒಂದೇ ರಿಂಗು. ಎಡಗಡೆಯದು ಹಿಗ್ಗಿ ತೆಳ್ಳಗಾಗಿತ್ತು. ಬಲಗಡೆಯದರ ಕೊಕ್ಕೆಯೇ ಬಿಚ್ಚಿಕೊಂಡಿತ್ತು. ಕೊಕ್ಕೆಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸದೆ 90ಕ್ಕೆ ನಿಲ್ಲಿಸಿದ್ದರು. ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಹಾಸನ ಭೂಕಂಪದ ಎರಡನೆಯ ವಲಯದಲ್ಲಿದೆ. ಆ ವಲಯಕ್ಕೆ ಒಳಕೊಕ್ಕೆ, ಒತ್ತೊತ್ತು ರಿಂಗುಗಳ ಕಡ್ಡಾಯ ಇರಲಿಲ್ಲ. ಭೂಕಂಪಕ್ಕೆ ಬೇಡವಾದದ್ದು ಬೇರೆ ಯಾವುದಕ್ಕೂ ಬೇಡ ಎಂದು ನಮ್ಮ ಭಾಗದಲ್ಲಿ ಹಲವರು ನಂಬಿದ್ದಾರೆ.

ಕಾಂಕ್ರೀಟಿನೊಳಗೆ ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆಯೂ ಇದನ್ನೇ ಹೇಳಿತು. ಕಂಬದ ಬಳಿ ಅಲೆಯ ವೇಗ ಸೆಕೆಂಡಿಗೆ 3.6ರಿಂದ 3.8 ಕಿ.ಮೀ.; 2018ರವರೆಗೆ ಈ ಪರೀಕ್ಷೆಗಿದ್ದ ಐಎಸ್ 13311ರ ಪ್ರಕಾರ ಒಳ್ಳೆಯ ಕಾಂಕ್ರೀಟು. ಬೆಣೆಯ ಅಂಚುಗಳಲ್ಲಿ 2.5ಕ್ಕೆ ಇಳಿಯಿತು. ಅದರಲ್ಲಿ 3ಕ್ಕಿಂತ ಕೆಳಗಿನದು ಸಂಶಯಾಸ್ಪದ ಎಂದಿತ್ತು.

ನೆಲ ಕೆತ್ತಿದ ಮೇಲೆ

ತಳದಲ್ಲಿ ಸಿಕ್ಕಿದ್ದರಿಂದ ಎಲ್ಲರಿಗೂ ಸಮಾಧಾನವಾಯಿತು: ಪೆಟ್ಟು ತಿಳಿಯಿತು, ರಿಪೇರಿ ಮಾಡೋಣ. ನಾನು ಮೇಲಿನ ಸಿಮೆಂಟ್ ನೆಲವನ್ನೂ ಕೆತ್ತಿಸಬೇಕೆಂದೆ. ಬಡಿದ ಜಾಗದಲ್ಲಿ ಮಾತ್ರ ಅಲ್ಲ, ಬೀಮ್‌ನ ಉದ್ದಕ್ಕೂ. ಕಂಟ್ರಾಕ್ಟರ್ ಒಪ್ಪಲಿಲ್ಲ. ಮೇಲ್ಗಡೆ ಒತ್ತಡದ ಭಾಗ, ಅಲ್ಲಿ ಬಿರುಕೆಲ್ಲಿಂದ ಬಂತು ಎಂಬುದು ಅವನ ವಾದ. ಮಾಮೂಲಿ ಬೀಮ್‌ಗೆ ಅದು ನ್ಯಾಯವಾದ ವಾದ.

ಕೆತ್ತಿ, ಗುಡಿಸಿ, ನೀರು ಹಚ್ಚಿ ಆರಲು ಬಿಟ್ಟೆವು. ಮೇಲ್ಮೈ ಆರಿದರೂ ಬಿರುಕಿನೊಳಗಿನ ನೀರು ಬೇಗ ಆರುವುದಿಲ್ಲ. ಒದ್ದೆ ಗೆರೆಯಾಗಿ ಉಳಿಯುತ್ತದೆ. ನಡುವಿನಿಂದ ಎರಡೂ ಬದಿಗೆ ಸುಮಾರು ಒಂದು ಮೀಟರ್ ದೂರದಲ್ಲಿ ಬೀಮ್‌ಗೆ ಅಡ್ಡಲಾಗಿ, ಸ್ಲ್ಯಾಬ್‌ನ ಮೇಲೆ ಒಂದೊಂದು ಗೆರೆ ಮೂಡಿತು. ಅಗಲ 0.4 ಮಿ.ಮೀ. ಹತ್ತಿರ. ಬದಿಯಿಂದ ನೋಡಿದಾಗ ಅವು ಮೇಲಿನಿಂದ ಶುರುವಾಗಿ ಬೀಮ್‌ನ ಅರ್ಧ ಆಳದವರೆಗೆ ಇಳಿದಿದ್ದವು.

ನಡುಭಾಗ ಕೆಳಗೆ ಹೋಗುತ್ತಿದ್ದ ಕ್ಷಣದಲ್ಲಿ ಬೀಮ್‌ನ ಉಳಿದ ಭಾಗಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಆ ಹೊತ್ತಿಗೆ ಬೀಮ್ ಐದು ಮೀಟರಿನದಲ್ಲ. ಎರಡೂ ತುದಿಗಳನ್ನು ಜಡತ್ವವೇ ಬಿಗಿಹಿಡಿದ ಎರಡು ಮೀಟರಿನ ಗಿಡ್ಡ ಬೀಮ್. ಬಿಗಿಹಿಡಿದ ತುದಿಗಳಲ್ಲಿ ಎಳೆತ ಮೇಲ್ಮೈಗೆ ಬರುತ್ತದೆ. ಇಲ್ಲಿ ಇನ್ನೊಂದು ದುರದೃಷ್ಟವೂ ಸೇರಿತ್ತು. ಕಂಬದ ಮೇಲಿನ ಹೆಚ್ಚುವರಿ ಕಂಬಿಗಳನ್ನು ಕಂಬದಿಂದ ಒಂದೂವರೆ ಮೀಟರಿಗೆ ನಿಲ್ಲಿಸಿದ್ದರು. ನಡುವಿನಿಂದ ಒಂದು ಮೀಟರ್ ಎಂದರೆ ಸರಿಯಾಗಿ ಅದೇ ಜಾಗ. ಅದರಾಚೆ ಉಳಿಯುವುದು ಆ 10 ಮಿ.ಮೀ.ಯ ಎರಡು ಕಂಬಿ.

ಪ್ರಕರಣ ತಿರುಗಿದ್ದು ಇಲ್ಲಿ. ತಳವನ್ನಷ್ಟೇ ದುರಸ್ತಿ ಮಾಡಿದ್ದರೆ ಮೇಲಿನ ಬಿರುಕುಗಳು ಹೊಸ ಸಿಮೆಂಟ್ ನೆಲದಡಿ ಮುಚ್ಚಿಹೋಗಿ, ನೆಲ ತೊಳೆದಾಗಲೆಲ್ಲ, ಮಳೆಗಾಲದಲ್ಲಿ ಶೀಟಿನ ಸಂದಿನಿಂದ ಹನಿ ಬಿದ್ದಾಗಲೆಲ್ಲ ನೀರು ಕುಡಿಯುತ್ತಿದ್ದವು. ಸಕಲೇಶಪುರದ ಕಡೆಯ ಮಳೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಒಡೆಯುವುದೋ ಉಳಿಸುವುದೋ

ದಾರ ಕಟ್ಟಿ ನೋಡಿದಾಗ ಬೀಮ್ ನಡುವೆ 4 ಮಿ.ಮೀ. ಮಾತ್ರ ಶಾಶ್ವತವಾಗಿ ಇಳಿದಿತ್ತು. ತಳದ ಮೂರು ಕಂಬಿಗಳು ನೇರವಾಗಿದ್ದವು, ಎಲ್ಲೂ ತೆಳ್ಳಗಾಗಿರಲಿಲ್ಲ. ಅಂದರೆ ಬಾಗುವಿಕೆಯಲ್ಲಿ ಬೀಮ್ ಹೆಚ್ಚೇನೂ ಸೋತಿರಲಿಲ್ಲ; ಸೋತದ್ದು ಶಿಯರ್‌ನಲ್ಲಿ, ಅದೂ ನಡುವಿನ ಎರಡು ಮೀಟರಿನಲ್ಲಿ. ಉಳಿಸಬಹುದು ಎಂಬ ತೀರ್ಮಾನಕ್ಕೆ ಆಧಾರ ಇದೇ.

ಕಾರ್ಬನ್ ನಾರಿನ ಪಟ್ಟಿ ಅಂಟಿಸುವ ಸಲಹೆಯೂ ಬಂದಿತ್ತು. ಬೇಗ ಆಗುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಸ್ಲ್ಯಾಬ್ ಅಡ್ಡ ಇರುವುದರಿಂದ ಪಟ್ಟಿ ಮೂರು ಬದಿಗೆ ಮಾತ್ರ ಸುತ್ತುತ್ತದೆ, ಮೇಲ್ತುದಿ ಅಂಟಿನ ಮೇಲೇ ನಿಂತಿರುತ್ತದೆ. ಇಲ್ಲಿ ಬೇಕಾದದ್ದು ಬೆಣೆಯನ್ನು ಸುತ್ತ ಹಿಡಿಯುವ, ಮೇಲೂ ಮುಚ್ಚಿದ ರಿಂಗು. ಅಂಟಿಸುವ ಕೆಲಸದಲ್ಲಿ ಪಳಗಿದವರು ಹತ್ತಿರದಲ್ಲಿ ಸಿಗಲೂ ಇಲ್ಲ.

ಮಾಡಿದ್ದು ಇಷ್ಟು. ಸಡಿಲ ಕಾಂಕ್ರೀಟನ್ನೆಲ್ಲ ತೆಗೆದು, ಬಿರುಕುಗಳಿಗೆ ಮೇಲಿನಿಂದಲೂ ಕೆಳಗಿನಿಂದಲೂ ತೆಳು ಎಪಾಕ್ಸಿ ಅಂಟನ್ನು ಒತ್ತಡದಲ್ಲಿ ತುಂಬಿದೆವು. ನಡುವಿನ 2.4 ಮೀಟರ್ ಉದ್ದಕ್ಕೆ ಸ್ಲ್ಯಾಬ್‌ನಲ್ಲಿ ತೂತು ಕೊರೆದು 8 ಮಿ.ಮೀ. ರಿಂಗುಗಳನ್ನು 100 ಮಿ.ಮೀ.ಗೊಂದರಂತೆ ಹಾಯಿಸಿ, ಮೇಲೆ ಒಳಕೊಕ್ಕೆಯಲ್ಲಿ ಮುಚ್ಚಿದರು. ಮೇಲಿನ ಬಿರುಕುಗಳಿಗೆ ಅಡ್ಡಲಾಗಿ ಸ್ಲ್ಯಾಬ್‌ನಲ್ಲಿ ತೋಡು ತೆಗೆದು 12 ಮಿ.ಮೀ.ಯ ಎರಡೆರಡು ಕಂಬಿ ಹುದುಗಿಸಿದೆವು. ಅವು ಕಂಬದ ಮೇಲಿನ ಹಳೆಯ ಕಂಬಿಗಳ ಜೊತೆ ಸಾಕಷ್ಟು ಉದ್ದ ಜೋಡಿಯಾಗಿ ಸಾಗುವಂತೆ ನೋಡಿಕೊಂಡೆವು. ಕೊನೆಗೆ ಎರಡು ಬದಿ ಮತ್ತು ತಳಕ್ಕೆ 75 ಮಿ.ಮೀ. ಮೈಕ್ರೋ ಕಾಂಕ್ರೀಟಿನ (ಸಣ್ಣ ಜಲ್ಲಿಯ, ತಾನೇ ಹರಿಯುವ ಕಾಂಕ್ರೀಟು) ಕವಚ; ಸ್ಲ್ಯಾಬ್‌ನ ತೂತುಗಳಿಂದಲೇ ಸುರಿದದ್ದು. ಕಂಬಿ ಕಟ್ಟುವ ಹುಡುಗರಿಗೆ ಒಳಕೊಕ್ಕೆ ಬಗ್ಗಿಸಲು ಬೇಸರ. ಅವರ ಪಕ್ಕದಲ್ಲೇ ನಿಂತು ಮಾಡಿಸಬೇಕಾಯಿತು.

ಭಾರ ಪರೀಕ್ಷೆ, ಮತ್ತು ಅದು ಹೇಳದ ಮಾತು

ಇಪ್ಪತ್ತೆಂಟು ದಿನ ಕಳೆದ ಮೇಲೆ ಐಎಸ್ 456ರ ಪ್ರಕಾರ ಭಾರ ಪರೀಕ್ಷೆ ಮಾಡಿದೆವು. ಬಳಕೆಯ ಭಾರದ ಒಂದೂಕಾಲು ಪಟ್ಟನ್ನು 24 ಗಂಟೆ ಹೇರಿರಬೇಕು. ಚದರ ಮೀಟರಿಗೆ 4 ಕಿಲೋನ್ಯೂಟನ್ ಬಳಕೆಯ ಭಾರ ಹಿಡಿದರೆ, ಬೀಮ್‌ನ ಪಾಲಿನ 12.5 ಚದರ ಮೀಟರಿಗೆ ಸುಮಾರು 6.4 ಟನ್. ಮಾಲೀಕರು ಕಾಫಿ ಮೂಟೆಗಳನ್ನೇ ಇಡೋಣ ಎಂದರು. ತೂಕ ಮಾಡಿದ ಮರಳಿನ ಮೂಟೆಗಳನ್ನು ಇಟ್ಟೆವು, ಬಿದ್ದರೆ ಹೋಗುವುದು ಮರಳು ಮಾತ್ರ ಎಂದು ಸಮಾಧಾನ ಹೇಳಿ. ಕೆಳಗಿನ ಜಾಕಿಗಳನ್ನು ಪೂರ್ತಿ ತೆಗೆಯಲಿಲ್ಲ, ಬೀಮ್‌ನ ತಳದಿಂದ ಒಂದು ಬೆರಳಗಲ ಕೆಳಗೆ ಇಳಿಸಿ ನಿಲ್ಲಿಸಿದೆವು.

ಸಂಹಿತೆಯ ಒಂದು ನಿಯಮ ಇಲ್ಲಿ ಅನುಕೂಲಕ್ಕೆ ಬಂತು. ಮೀಟರಿನಲ್ಲಿ ಅಳೆದ ಉದ್ದದ ವರ್ಗವನ್ನು 40ರಿಂದ ಗುಣಿಸಿ ಮಿ.ಮೀ. ಆಳದಿಂದ ಭಾಗಿಸಿದರೆ ಬರುವ ಮಿ.ಮೀ.ಗಿಂತ ಕಡಿಮೆ ಬಾಗಿದರೆ, ಭಾರ ತೆಗೆದ ಮೇಲೆ ಎಷ್ಟು ಮರಳಿತು ಎಂದು ನೋಡಬೇಕಾಗಿಲ್ಲ. ಹಳೆಯ ಆಳ 450ಕ್ಕೆ ಇದು 2.2 ಮಿ.ಮೀ.; ಕವಚ ಸೇರಿಸಿದ 525ಕ್ಕೆ 1.9. ನಮಗೆ ಬಂದದ್ದು 1.3. ಆದರೂ ಮರಳಿದ್ದನ್ನು ಅಳೆದೆವು. 24 ಗಂಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮರಳಿತ್ತು. ಮರಳಿದ್ದನ್ನು ನೋಡಲೇಬೇಕಾದಾಗ ಸಂಹಿತೆ ಕೇಳುವುದು ಕನಿಷ್ಠ ಶೇಕಡ 75.

ಮಾಲೀಕರು ಅಂದೇ ಚೈನ್ ಬ್ಲಾಕ್ ತರಿಸಲು ಹೊರಟರು. ಬೀಮ್ ಪಾಸಾಯಿತಲ್ಲ, ಹಲ್ಲರನ್ನು ಅದೇ ಜಾಗದಲ್ಲಿ ಎತ್ತೋಣ ಎಂದು. ಇಲ್ಲಿ ಗಟ್ಟಿಯಾಗಿ ಬೇಡ ಎನ್ನಬೇಕಾಯಿತು. ಭಾರ ಪರೀಕ್ಷೆ ಮೆಲ್ಲಗೆ ಹೇರಿದ ಭಾರದ ಪರೀಕ್ಷೆ. ಹೊಡೆತದ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಐಎಸ್ 875ರ ಎರಡನೆಯ ಭಾಗ ಲಿಫ್ಟ್ ಮತ್ತು ಹಾಯಿಸ್ಟ್ ಹೊರುವ ಚೌಕಟ್ಟಿಗೆ ಭಾರವನ್ನು ದುಪ್ಪಟ್ಟು ಹಿಡಿಯಲು ಹೇಳುತ್ತದೆ ಎಂದು ಕಂಟ್ರಾಕ್ಟರ್ ನೆನಪಿಸಿದ. ನಿಜ, ಆದರೆ ಅದು ಎತ್ತುವಾಗ ನಿಲ್ಲಿಸುವಾಗ ಬರುವ ಜಗ್ಗಿಗೆ, ಕಳಚಿ ಬೀಳುವುದಕ್ಕಲ್ಲ.

ಬೀಳುವುದನ್ನು ತಡೆಯುವುದು ಬೀಮ್‌ನ ಕೆಲಸವೂ ಅಲ್ಲ. ಎತ್ತುವ ಜಾಗವನ್ನೇ ಗೋಡೆಯಾಚೆಗೆ ಒಯ್ದೆವು. ನೆಲದಿಂದಲೇ ಎದ್ದ ಉಕ್ಕಿನ ಚೌಕಟ್ಟಿನಲ್ಲಿ ಯಂತ್ರವನ್ನು ಹೊರಗೆ ಎತ್ತಿ, ಮಹಡಿಯ ಮಟ್ಟಕ್ಕೆ ಬಂದ ಮೇಲೆ ರೋಲರ್ ಮೇಲೆ ಒಳಗೆ ತಳ್ಳುವುದು. ಮಹಡಿಯ ಮೇಲೆ ಯಂತ್ರವನ್ನು ಒಂದು ಅಡಿ ಎತ್ತಬೇಕಾದರೂ ಅಡಿಗೆ ಮರಳಿನ ಮೂಟೆಗಳ ಹಾಸು ಇರಬೇಕು. ಜಪಾನಿನಲ್ಲಿ ಬೆಟ್ಟದ ರಸ್ತೆಗಳ ಮೇಲೆ ಬಂಡೆ ಉರುಳುವ ಜಾಗದಲ್ಲಿ ಕಾಂಕ್ರೀಟ್ ಚಾವಣಿ ಕಟ್ಟಿ ಅದರ ಮೇಲೆ ಮರಳು ಹಾಸುವುದು ಇದಕ್ಕೇ. ಮರಳಿನ ಹಾಸು ಹೊಡೆತದ ಶಕ್ತಿಯ ಒಂದು ಪಾಲನ್ನು ತಾನೇ ಹೀರುತ್ತದೆ, ಉಳಿದದ್ದು ತಲುಪುವ ಸಮಯವನ್ನು ಹಿಗ್ಗಿಸುತ್ತದೆ. ಸಮಯ ಹಿಗ್ಗಿದಷ್ಟೂ ಬಲದ ಶಿಖರ ತಗ್ಗುತ್ತದೆ, ಇಡೀ ಬೀಮ್ ಮತ್ತು ಕಂಬಗಳು ಕೆಲಸಕ್ಕೆ ಬರಲು ಬಿಡುವು ಸಿಗುತ್ತದೆ.

ಇಂಥ ಸಂದರ್ಭ ಎದುರಾಗುವವರಿಗೆ

ಬಿದ್ದ ಕೂಡಲೇ ಜನರನ್ನು ದೂರ ಸರಿಸಿ, ಗಾರೆ ಮೆತ್ತುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಸಿ. ಈ ಪ್ರಕರಣದಲ್ಲಿ ರೈಟರ್ ತನ್ನ ರಕ್ಷಣೆಗೆಂದು ತೆಗೆದ ಒಂದು ಫೋಟೊ ನಮಗೆ ದಾರಿ ತೋರಿಸಿತು; ಪ್ರತಿ ಸಲ ಅಂಥವರು ಇರುವುದಿಲ್ಲ. ಆಸರೆಯನ್ನು ಬಡಿದ ಜಾಗದ ಅಡಿಗೆ ಕೊಡಬೇಡಿ, ಎರಡೂ ಬದಿಗೆ ಕೊಡಿ, ಬಿಗಿಯಾಗಿ ಎತ್ತಬೇಡಿ. ಬೀಮ್ ಎಷ್ಟು ಭಾರ ಹೊತ್ತೀತು ಎಂಬ ಲೆಕ್ಕದಿಂದ ಶುರು ಮಾಡಿದರೆ ತಳದ ನಡುವನ್ನಷ್ಟೇ ನೋಡಿ ಬರುತ್ತೀರಿ. ಹೊಡೆತದಲ್ಲಿ ನೋಡಬೇಕಾದ ಜಾಗಗಳು ಬೇರೆ: ಬೆಣೆಯ ಎರಡು ಅಂಚು, ಅವನ್ನು ದಾಟುವ ರಿಂಗುಗಳ ಕೊಕ್ಕೆ, ಮತ್ತು ಬದಿಗೆ ಸರಿದ ಮೇಲ್ಮೈ, ವಿಶೇಷವಾಗಿ ಮೇಲಿನ ಕಂಬಿ ನಿಂತುಹೋಗುವಲ್ಲಿ. ಮೇಲ್ಮೈ ನೆಲದಡಿ ಇದ್ದರೆ ನೆಲ ಕೆತ್ತಲೇಬೇಕು. ಇದಕ್ಕೆ ಮಾಲೀಕರನ್ನು ಒಪ್ಪಿಸುವುದು ಕಷ್ಟ; ನಾಲ್ಕು ಕ್ವಿಂಟಲ್ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

ವೇಗವಾಗಿ ಹೇರಿದ ಭಾರಕ್ಕೆ ಕಾಂಕ್ರೀಟೂ ಕಬ್ಬಿಣವೂ ಹೆಚ್ಚು ಶಕ್ತಿ ತೋರಿಸುತ್ತವೆ ಎಂಬುದನ್ನು ಕೆಲವರು ಧೈರ್ಯಕ್ಕೆ ಹಿಡಿದುಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಿ ಅದು ನಿಜ. ಆದರೆ ಬಾಗುವಿಕೆಯಲ್ಲಿ ಶಕ್ತಿ ಹೆಚ್ಚಿದರೆ ಬೀಮ್ ಹೆಚ್ಚು ಶಿಯರ್ ಎಳೆದುಕೊಳ್ಳುತ್ತದೆ, ರಿಂಗು ತೆಳುವಾಗಿದ್ದರೆ ಬಾಗುವ ಮೊದಲೇ ಸೀಳುತ್ತದೆ. ದುರಸ್ತಿಯ ಲೆಕ್ಕದಲ್ಲಿ ನಾನು ಈ ಹೆಚ್ಚುವರಿಯನ್ನು ಸೇರಿಸಲಿಲ್ಲ.

ಆ ಮಹಡಿಯ ಉಳಿದ ಬೀಮ್‌ಗಳಲ್ಲೂ ಅದೇ 6 ಮಿ.ಮೀ. ರಿಂಗುಗಳು, ಅದೇ 250ರ ಅಂತರ, ಅದೇ ಬಿಚ್ಚುವ ಕೊಕ್ಕೆಗಳು ಇವೆ. ಅವಕ್ಕೂ ಕವಚ ಹಾಕಿಸುವ ಅಂದಾಜು ಪಟ್ಟಿಯನ್ನು ಮಾಲೀಕರಿಗೆ ಕೊಟ್ಟಿದ್ದೇನೆ. ಮುಂದಿನ ಸೀಸನ್ ಮುಗಿಯಲಿ, ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಮಹಡಿಯ ಮೇಲೆ ಚೈನ್ ಬ್ಲಾಕ್ ತೂಗುಹಾಕುವಂತಿಲ್ಲ ಎಂದು ಬರೆದುಕೊಟ್ಟು ಅವರ ಸಹಿ ಪಡೆದಿದ್ದೇನೆ.